ಹರಿಹರದ ಹೊಳೆದಂಡೆಯ ಹೆಜ್ಜೆ ನೀರುನಾಯಿಯದೋ, ಬೀದಿನಾಯಿಯದೋ?

ಹರಿಹರದ ಹತ್ತಿರ ತುಂಗಭದ್ರೆಯ ಮರಳಲ್ಲಿ ಹೆಜ್ಜೆ ಕಂಡಿದೆ, ನೀರುನಾಯಿಯದು ಹೌದೋ ಅಲ್ಲವೋ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ಮೊದಲು ಬೆರಳು ಎಣಿಸಿ. ನಾಯಿಯ ಹೆಜ್ಜೆಯಲ್ಲಿ ನಾಲ್ಕು, ನೀರುನಾಯಿಯದರಲ್ಲಿ ಐದು. ಆದರೆ ಒಂದೇ ಹೆಜ್ಜೆ ನೋಡಿ ತೀರ್ಮಾನಕ್ಕೆ ಬರಬೇಡಿ. ಒಳಬದಿಯ ಸಣ್ಣ ಬೆರಳು ಎಷ್ಟೋ ಸಲ ಮೂಡುವುದೇ ಇಲ್ಲ. ಬೆರಳ ನಡುವಿನ ತೊಗಲೂ ಒಣಮರಳಲ್ಲಿ ಕಾಣದು, ನೀರಂಚಿನ ಹಸಿ ಕೆಸರಲ್ಲಿ ಹುಡುಕಬೇಕು. ಸಾಲಾಗಿ ಹತ್ತು ಹೆಜ್ಜೆಯಾದರೂ ನೋಡಿ. ಮುಂಗುಸಿಗೂ ಐದು ಬೆರಳು, ಆದರೆ ಹೆಜ್ಜೆ ತೀರಾ ಚಿಕ್ಕದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದರೆ ಅಳತೆ ಆಮೇಲೂ ಸಿಗುತ್ತದೆ.

ನಾನಂತೂ ಹೆಜ್ಜೆಗಿಂತ ಹಿಕ್ಕೆಯನ್ನು ನಂಬುತ್ತೇನೆ. ತುಂಗಭದ್ರೆಯಲ್ಲಿರುವುದು ನುಣುಪು ತುಪ್ಪಳದ ಜಾತಿ, ಬೆಳೆದದ್ದು 7ರಿಂದ 11 ಕೆ.ಜಿ. ತೂಗುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಓಡಾಡುವ ಪ್ರಾಣಿ ಇದು. ನೀರಿಗಿಂತ ತುಸು ಎತ್ತರದ ಬಂಡೆಯನ್ನೋ ಮರಳದಿಬ್ಬವನ್ನೋ ಗೊತ್ತುಮಾಡಿಕೊಂಡು ಅಲ್ಲೇ ಮತ್ತೆ ಮತ್ತೆ ಹಿಕ್ಕೆ ಹಾಕಿ ತುಳಿಯುತ್ತವೆ. ಹೊಸದಾದರೆ ಕಪ್ಪಗೆ ಅಂಟಂಟು. ಒಣಗಿದರೆ ಬೂದಿಬಣ್ಣ, ಮುಟ್ಟಿದರೆ ಉದುರುತ್ತದೆ. ಕಡ್ಡಿಯಿಂದ ಬಿಡಿಸಿ: ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿಚಿಪ್ಪಿನ ಚೂರು, ಜೊತೆಗೆ ಒಣಮೀನಿನ ವಾಸನೆ ಇದ್ದರೆ ಬಹುಮಟ್ಟಿಗೆ ಅನುಮಾನ ಬೇಡ. ಕೂದಲು, ಹುಳದ ರೆಕ್ಕೆ ತುಂಬಿದ್ದರೆ ಮುಂಗುಸಿ. ತುದಿಯಲ್ಲಿ ಸುಣ್ಣದಂಥ ಬಿಳುಪಿದ್ದರೆ ಉಡ.

ಮಳೆಗಾಲದಲ್ಲಿ ಹುಡುಕುವುದು ದಂಡ. ಹೊಳೆ ಏರಿದರೆ ಬಂಡೆಯೇ ಮುಳುಗಿ ಗುರುತೆಲ್ಲ ತೊಳೆದುಹೋಗುತ್ತದೆ. ನೀರು ಇಳಿದ ಮೇಲೆ, ಬೆಳ್ಳಂಬೆಳಗ್ಗೆ ಹೋಗಿ. ಬೇಸಿಗೆಯಲ್ಲೂ ಬತ್ತದ ಮಡು, ಪಕ್ಕದಲ್ಲಿ ಜೊಂಡು ಅಥವಾ ಬೇರು ಇಳಿಬಿದ್ದ ದಡ, ಇವೆರಡೂ ಸೇರಿದ ಜಾಗವೇ ಅವಕ್ಕೆ ಬೇಕು. ಮರಳು ಬಗೆದು ದಡ ಕುಸಿದ ಕಡೆ ಬಿಲ ನಿಲ್ಲುವುದಿಲ್ಲ. ಇದೇ ಹೊಳೆಯಲ್ಲಿ ಕೆಳಗೆ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ನಮ್ಮ ಹರಿಹರ, ಹೊನ್ನಾಳಿಯ ದಡಕ್ಕೆ ಆ ರಕ್ಷಣೆಯಿಲ್ಲ, ಅದಕ್ಕೇ ಇಲ್ಲಿ ಸಿಗುವ ಒಂದೊಂದು ಗುರುತೂ ದೊಡ್ಡದು.

ಬಿಲ ಕಂಡರೆ ಹತ್ತಿರ ಹೋಗಬೇಡಿ, ಚಳಿಗಾಲದಲ್ಲಿ ಒಳಗೆ ಮರಿ ಇರಬಹುದು. ಮಡುವಿನ ಬಾಯಿಗೆ ಅಡ್ಡ ಬಲೆ ಕಂಡರೆ ಹಾಕಿದವರಿಗೆ ತಿಳಿಸಿ ಹೇಳಿ: ನೀರುನಾಯಿ ಉಸಿರಿಗೆ ಮೇಲೆ ಬರಲೇಬೇಕು, ಬಲೆಯಲ್ಲಿ ಸಿಕ್ಕಿದರೆ ಮುಳುಗಿ ಸಾಯುತ್ತದೆ. ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದರೆ ನೇರ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೇಳಿ. ಗುರುತಿನ ಫೋಟೊವನ್ನೂ ಅಲ್ಲಿಗೇ ಕೊಡಿ. ಎಲ್ಲರಿಗೂ ಕಾಣುವಂತೆ ಹಾಕುವುದಾದರೆ ಜಾಗದ ಹೆಸರು ಬರೆಯಬೇಡಿ, ತುಪ್ಪಳಕ್ಕಾಗಿ ಇವನ್ನು ಕೊಲ್ಲುವವರಿದ್ದಾರೆ.