ಬುಡ ಒದ್ದೆ, ಆದ್ರೂ ಗಿಡ ಬಾಡ್ತಿದೆ ಅಂದ್ರೆ ಉಪ್ಪಿನ ಕಡೆ ನೋಡಿ
ಅಣ್ಣಾ, ನೀವು ಹಾಕಿದ ಟೊಮೆಟೊ ಗಿಡದ ಫೋಟೋ ನೋಡಿದೆ. ಡ್ರಿಪ್ ದಿನಾ ಬಿಟ್ರೂ ಮಧ್ಯಾಹ್ನ ಬಾಡುತ್ತೆ, ಹಳೇ ಎಲೆ ಅಂಚು ಸುಟ್ಟಿದೆ, ಕಾಯಿ ತಳ ಕಪ್ಪಾಗಿದೆ, ಬೋರ್ ನೀರು ಉಪ್ಪುಪ್ಪು ಅಂದಿದ್ದೀರಿ. ಮೊದ್ಲು ಒಂದು ಗಿಡ ಕಿತ್ತು, ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದ್ರೆ ದುಂಡಾಣು ಸೊರಗು ರೋಗ, ದಾರಿ ಬೇರೆ. ಇಳಿಯದಿದ್ರೆ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ.

ಉಪ್ಪು ಹೆಚ್ಚಾದಷ್ಟೂ ಬೇರಿಗೆ ನೀರು ಎಳೆಯೋದು ಕಷ್ಟ. ನೀರಿನ ನಡುವೆಯೇ ಗಿಡಕ್ಕೆ ಬರಗಾಲ. ಆಮೇಲೆ ಸೋಡಿಯಂ, ಕ್ಲೋರೈಡ್ ಹಳೇ ಎಲೆಗಳಲ್ಲಿ ಸೇರ್ತಾ ಹೋಗಿ ಅಂಚು ಸುಡುತ್ತೆ. ನೀರಿನ ಜೊತೆಗೇ ಸಾಗೋ ಕ್ಯಾಲ್ಸಿಯಂ ಕಾಯಿ ತುದಿಗೆ ಸಾಲೋದಿಲ್ಲ, ಅದಕ್ಕೇ ಆ ಕಪ್ಪು. ಉಳಿದ ಕಾಯಿ ಸಣ್ಣದಾದ್ರೂ ಸಿಹಿ ಜಾಸ್ತಿ ಇರುತ್ತೆ, ತಿಂದು ನೋಡಿ. ತೂಕಕ್ಕೆ ಮಾರೋರಿಗೆ ಅದರಿಂದ ಏನೂ ಸಿಗಲ್ಲ ಅನ್ನಿ.

ಮಣ್ಣಲ್ಲಿ ಉಪ್ಪೆಷ್ಟಿದೆ ಅಂತ ಇಸಿ, ಅಂದ್ರೆ ವಿದ್ಯುತ್ ವಾಹಕತೆ, ತೋರಿಸುತ್ತೆ. ಮಣ್ಣಿನ ಸ್ಯಾಚುರೇಷನ್ ಸಾರದ (ಮಣ್ಣನ್ನ ನೀರಲ್ಲಿ ಪೂರ್ತಿ ನೆನೆಸಿ ಹೀರಿ ತೆಗೆದ ನೀರಿನ) ಇಸಿ ಮೀಟರಿಗೆ 2.5 ಡೆಸಿಸೀಮನ್ಸ್ ತನಕ ಟೊಮೆಟೊ ತಡೆಯುತ್ತೆ. ಅಲ್ಲಿಂದ ಒಂದೊಂದು ಡೆಸಿಸೀಮನ್ಸ್ ಏರಿದಾಗ್ಲೂ ಇಳುವರಿ ಸುಮಾರು ಶೇ. 10 ಇಳಿಯುತ್ತೆ. ಲ್ಯಾಬ್‌ನವರು 1:2 ಅಳತೆಯಲ್ಲಿ (ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು) ಕೊಟ್ರೆ ಅದೇ ಮಣ್ಣಿಗೂ ಅಂಕಿ ಕಮ್ಮಿ ಬರುತ್ತೆ, ನೋಡಿ ಖುಷಿಪಡಬೇಡಿ.

ಹಿಂದೆ ನನ್ನ ಗಿಡದಲ್ಲೂ ಎಲೆ ಸಣ್ಣಗಾಗಿ ಕಡುಹಸಿರಾದಾಗ ಗೊಬ್ಬರದ ಹಸಿವು ಅಂದುಕೊಂಡು ನಾನು ಮ್ಯೂರಿಯೇಟ್ ಪೊಟ್ಯಾಷ್ ಗೊಬ್ಬರ ಕೊಟ್ಟಿದ್ದೆ. ಅದೂ ಕ್ಲೋರೈಡ್ ಉಪ್ಪೇ! ಅಂಚು ಇನ್ನಷ್ಟು ಸುಟ್ಟಿತು. ಪೊಟ್ಯಾಷ್ ಬೇಕೇಬೇಕಾದ್ರೆ ಸಲ್ಫೇಟ್ ರೂಪದ್ದು, ಸ್ವಲ್ಪಸ್ವಲ್ಪ.

ಈಗ ನಿಮ್ಮ ಡ್ರಿಪ್ ವಿಷಯ. ಒದ್ದೆ ವೃತ್ತದ ಅಂಚಲ್ಲಿ ಬಿಳಿ ಪುಡಿ ಕಾಣ್ತಿದೆಯಲ್ಲ, ಹನಿ ನೀರು ಹೊರಕ್ಕೆ ತಳ್ಳಿದ ಉಪ್ಪು ಅದು. ತುಂತುರು ಮಳೆ ಬಂದ್ರೆ ಅದು ಕರಗಿ ವಾಪಸ್ ಬೇರಿಗೇ ಬರುತ್ತೆ. ಹಾಗಾಗಿ ಸಣ್ಣ ಮಳೆಗೆ ಡ್ರಿಪ್ ನಿಲ್ಲಿಸಬೇಡಿ, ಓಡಿಸಿ. ನಡುನಡುವೆ ಒಂದ್ಸಲ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟು ಉಪ್ಪನ್ನ ಬೇರಿನ ಕೆಳಕ್ಕೆ ತೊಳೀಬೇಕು. ಆದ್ರೆ ನೀರು ಬಸಿದು ಹೋಗೋ ಮಣ್ಣಾಗಿರಬೇಕು, ನಿಂತರೆ ಬೇರು ಕೊಳೆಯುತ್ತೆ. ಸಾಲಿಗೆ ಹುಲ್ಲಿನ ಹೊದಿಕೆ ಹಾಕಿದ್ರೆ ಮೇಲ್ಮಣ್ಣು ಒಣಗಿ ಉಪ್ಪು ಮೇಲೇರೋದು ತಗ್ಗುತ್ತೆ.

ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಿ ಅಂತ ನಿಮ್ಮ ಪ್ರಶ್ನೆಗೆ ಯಾರೋ ಉತ್ತರ ಬರೆದಿದ್ದಾರೆ. ಸೋಡಿಯಂನಿಂದ ಮಣ್ಣು ಕಟ್ಟಿಕೊಂಡಿದ್ರೆ ಸರಿ. ಮಣ್ಣು ಕಟ್ಟದೆ ಬರೀ ಸವಳಾದ್ರೆ, ಅಂದ್ರೆ ಉಪ್ಪು ಮಾತ್ರ ಹೆಚ್ಚಿದ್ರೆ, ಜಿಪ್ಸಂ ಕೂಡ ಇನ್ನೊಂದು ಉಪ್ಪಷ್ಟೇ, ತೊಳೆಯೋದೇ ಮದ್ದು. ಮುಂದಿನ ಬೆಳೆಗೆ ಸಸಿಮಡಿಗಾದ್ರೂ ಮಳೆನೀರು ಹಿಡಿದಿಡಿ, ಮೊಳಕೆ ಹೊತ್ತಲ್ಲಿ ಗಿಡ ತೀರಾ ನಾಜೂಕು.

ರಿಪೋರ್ಟ್ ಬಂದಾಗ ಇಸಿ ಜೊತೆ ಪಿಎಚ್, ಸೋಡಿಯಂ ಅಂಕಿನೂ ಇಲ್ಲೇ ಹಾಕಿ, ಜಿಪ್ಸಂ ವಿಷಯ ಆಗ ನೋಡೋಣ.