‘ಊಟ ಆಯ್ತಾ’ ಬಂತು, ಮುಂದೆ?

ಪ್ರಶ್ನೆ: ಒಡಿಶಾದಿಂದ ಬಂದ ನಮ್ಮ ಸಹೋದ್ಯೋಗಿ ‘ಊಟ ಆಯ್ತಾ’, ‘ಎಷ್ಟಾಯ್ತು’, ‘ಗೊತ್ತಿಲ್ಲ’ ಎಂದು ಸರಾಗವಾಗಿ ಹೇಳುತ್ತಾರೆ. ‘ಊಟ ಆದ್ಮೇಲೆ ಬರ್ತೀನಿ’ ಎನ್ನಲು ಮಾತ್ರ ತಡವರಿಸುತ್ತಾರೆ. ಬಾಯಿಪಾಠದಿಂದ ಭಾಷೆ ಬರುತ್ತದೆಯೇ?
– ಓದುಗರು, ಬಸವನಗುಡಿ

ಉತ್ತರ: ಬರುತ್ತದೆ, ಆದರೆ ಗಂಟು ಬಿಚ್ಚಬೇಕು. ಅವರ ಪಾಲಿಗೆ ‘ಊಟಾಯ್ತಾ’ ಒಂದೇ ಪದ. ಒಳಗೆ ‘ಆಗು’ ಅಡಗಿದೆ ಎಂಬುದು ಕಂಡಿಲ್ಲ. ಇಡಿಯಾಗಿ ನೆನಪಾಗುವುದರಿಂದಲೇ ಅಷ್ಟು ಸರಾಗ. ಇಂಗ್ಲಿಷ್ ಕಲಿಯುತ್ತಿದ್ದ ಐದು ಸ್ಪ್ಯಾನಿಷ್ ಭಾಷಿಕ ಮಕ್ಕಳನ್ನು ಗಮನಿಸಿ 1976ರಲ್ಲಿ ಪ್ರಬಂಧ ಬರೆದ ಭಾಷಾ ಸಂಶೋಧಕಿ ಲಿಲಿ ವಾಂಗ್ ಫಿಲ್ಮೋರ್ ಕಂಡದ್ದೂ ಇದನ್ನೇ: ಮೊದಲು ಇಡೀ ನುಡಿ, ಆಮೇಲೆ ಬಿಡಿ ಭಾಗ.

ಮೊದಲು ನುಡಿಯ ತಲೆ, ಅಂದರೆ ಮೊದಲ ಪದ, ಬದಲಿಸಿ: ಸ್ನಾನ ಆಯ್ತಾ, ಕೆಲಸ ಆಯ್ತಾ, ಮೀಟಿಂಗ್ ಆಯ್ತಾ. ಅದು ಕೂತ ಮೇಲೆ ಬಾಲ: ಊಟ ಆಯ್ತು, ಆಗಿಲ್ಲ, ಆಗ್ಲಿ, ಆದ್ಮೇಲೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗೊಂದಲ. ವಾರಕ್ಕೆ ನಾಲ್ಕೈದು ನುಡಿ ಸಾಕು. ಮರುದಿನ, ಮೂರನೆಯ ದಿನ, ವಾರದ ಬಳಿಕ ಮತ್ತೆ ಆಡಿಸಿ. ವ್ಯಾಕರಣದ ಕೋಷ್ಟಕ ಆಮೇಲೆ ನೋಡಿಕೊಳ್ಳಲಿ.

‘ಗೊತ್ತಿಲ್ಲ’ದಲ್ಲಿ ಎಚ್ಚರ. ನಾವು ‘ನನಗೆ’ಯನ್ನು ನುಂಗಿಬಿಡುತ್ತೇವೆ, ಕಲಿಯುವವರು ಊಹಿಸಿ ‘ನಾನು ಗೊತ್ತಿಲ್ಲ’ ಎನ್ನುತ್ತಾರೆ. ಆದ್ದರಿಂದ ಮೊದಲ ದಿನವೇ ‘ನಂಗೆ ಗೊತ್ತಿಲ್ಲ’ ಎಂದು ಇಡಿಯಾಗಿ ಕೊಡಿ.

‘ಗಾಡಿ ಕೈ ಕೊಡ್ತು’ ಥರದ್ದು ಬೇರೆ ಜಾತಿ. ಕ್ರಿಯಾಪದದ ಬಾಲ ಬದಲಿಸಬಹುದು: ಕೈ ಕೊಡುತ್ತೆ, ಕೈ ಕೊಟ್ಟರೆ. ‘ಕೈ’ಯನ್ನು ಮುಟ್ಟುವಂತಿಲ್ಲ, ‘ಕೈಗಳನ್ನು ಕೊಡ್ತು’ ಎಂದರೆ ಗಾಡಿಗೆ ಕೈ ಬಂದಂತಾಗುತ್ತದೆ!