ಬೋರ್ ಬತ್ತಿದೆಯೋ, ಕಂಡೆನ್ಸರ್ ಹೋಗಿದೆಯೋ ಮೊದಲು ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಒಂದೂವರೆ ವರ್ಷದಿಂದ ಪ್ರಾರ್ಥನೆ ಮಾಡಿದರೆ ಗೋಡೆಗೆ ಮಾತಾಡಿದ ಹಾಗಿದೆ, ಸತ್ಯವೇದ ತೆರೆದರೆ ಹಳೇ ಪೇಪರ್ ಓದಿದ ಹಾಗಿದೆ, ಆದರೂ ಭಾನುವಾರ ಕ್ವಾಯರ್‌ನಲ್ಲಿ ಮುಂದೆ ನಿಂತು ಹಾಡಿಸುತ್ತೀರಿ. ಯಾರೋ ಹಿರಿಯರು "ಗುಪ್ತ ಪಾಪ ಇರಬೇಕು, ಹುಡುಕಿ ಒಪ್ಪಿಕೋ" ಅಂದಿದ್ದಾರೆ. ದೇವರು ನನ್ನನ್ನು ಬಿಟ್ಟನೇ, ಹಾಡಿಸುವುದನ್ನು ನಿಲ್ಲಿಸಿಬಿಡಲೇ ಅಂತ ಕೇಳಿದ್ದೀರಿ.

ನಾನು ದೇವಶಾಸ್ತ್ರ ಓದಿದವನಲ್ಲ. ಕೋಲಾರದ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೀನಿ. ಇಪ್ಪತ್ತೆರಡು ವರ್ಷದಿಂದ ಬೋರ್‌ವೆಲ್ ಮೋಟರ್ ಎತ್ತೋದು, ಸುತ್ತೋದು, ಇಳಿಸೋದೇ ಕೆಲಸ. ಒಣಗಿದ್ದನ್ನು ನೋಡಿ ನೋಡಿ ಅಭ್ಯಾಸ, ಅದೊಂದೇ ನನ್ನ ಅರ್ಹತೆ.

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆದಿರುತ್ತಾರೆ. ಒಂದು ದಿನ ಬೆಳಿಗ್ಗೆ ರೈತ ಫೋನ್ ಮಾಡಿ "ಅಣ್ಣಾ, ಬೋರ್ ಹೋಯ್ತು" ಅಂತಾನೆ, ದನಿಯಲ್ಲಿ ಆಗಲೇ ಸಾವಿನ ಮನೆ. ಹೋಗಿ ನೋಡಿದರೆ ಕೆಲವು ಸಲ ಪ್ಯಾನೆಲ್ ಬೋರ್ಡಿನಲ್ಲಿ ಕಂಡೆನ್ಸರ್, ಅಂದರೆ ಮೋಟರ್ ಶುರುವಾಗೋಕೆ ಬೇಕಾದ ಸಣ್ಣ ಭಾಗ, ಹೋಗಿರುತ್ತೆ. ಕೆಲವು ಸಲ ಕೇಬಲ್ ಜಾಯಿಂಟ್ ಬಿಟ್ಟಿರುತ್ತೆ. ಪೈಪ್ ತೂತಾಗಿ, ಎತ್ತಿದ ನೀರೆಲ್ಲ ಒಳಗೇ ವಾಪಸ್ ಸುರೀತಿರುತ್ತೆ. ಕೆಲವು ಸಲ ನಿಜವಾಗಲೂ ನೀರು ಕೆಳಗಿಳಿದಿರುತ್ತೆ. ಮೇಲೆ ನಿಂತವನಿಗೆ ಎಲ್ಲವೂ ಒಂದೇ ಥರ ಕಾಣುತ್ತೆ, ಪೈಪಿನ ಬಾಯಲ್ಲಿ ನೀರಿಲ್ಲ ಅಷ್ಟೇ. ನಿಮಗೆ "ಪಾಪ" ಅಂದವರು ಬೋರ್ಡ್ ಕೂಡ ತೆಗೆಯದೆ ಮೋಟರ್ ಎತ್ತಿಸೋಕೆ ಹೊರಟಿದ್ದಾರೆ. ಅವರ ಮಾತು ಸುಳ್ಳೇ ಇರಬೇಕು ಅಂತಲ್ಲ. ನೋಡದೆ ಹೇಳಿದ್ದಾರೆ.

ಅದಕ್ಕೆ ನಾನು ಮೊದಲು ಕೇಳೋದು: ನಿದ್ದೆ ಹೇಗಿದೆ? ಊಟ? ಇತ್ತೀಚೆಗೆ ಮನೆಯಲ್ಲಿ ಸಾವು, ಸಾಲ, ಬಾಣಂತನ, ಕೆಲಸ ಹೋಗಿದ್ದು ಏನಾದರೂ ಆಗಿದೆಯಾ? ಎಲೀಯನ ಕಥೆ ನಿಮಗೆ ಗೊತ್ತು. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಮನುಷ್ಯ, ಅದಾದ ಮೇಲೆ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು "ಸಾಕು, ಪ್ರಾಣ ತೆಗೆದುಬಿಡು" ಅಂತಾನೆ. ದೇವದೂತ ಬಂದು ಏನು ಮಾಡಿದ? ಬೈಯಲಿಲ್ಲ, ಪಾಪ ಒಪ್ಪಿಕೋ ಅನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿ ತಿನ್ನಿಸಿದ. ದೇವರು ಅವನ ಜೊತೆ ಮಾತಾಡಿದ್ದು ನಲವತ್ತು ದಿನ ನಡೆದ ಮೇಲೆ, ಹೋರೇಬಿನಲ್ಲಿ. ಪ್ರಾರ್ಥನೆ ಮಾತ್ರ ಅಲ್ಲ, ಹಾಡು, ಊಟ, ಮಕ್ಕಳು ಯಾವುದೂ ರುಚಿಸುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಫೋನ್ ಮಾಡೋದು ಅವಿಶ್ವಾಸ ಅಂತ ಯಾರಾದರೂ ಅಂದರೆ ಅವರಿಗೆ ಆ ರೊಟ್ಟಿ ನೆನಪಿಸಿ.

ಇನ್ನು ಪಾಪದ ವಿಷಯ. 32ನೇ ಕೀರ್ತನೆಯಲ್ಲಿ ದಾವೀದನೇ ಹೇಳ್ತಾನೆ, ಮುಚ್ಚಿಟ್ಟುಕೊಂಡಿದ್ದಾಗ ಬೇಸಿಗೆಯ ಬಿಸಿಲಿಗೆ ಬತ್ತಿದ ಹಾಗೆ ನನ್ನ ಸಾರ ಬತ್ತಿಹೋಯ್ತು ಅಂತ. ಇದು ನನ್ನದೇ ಕಥೆ ಆದ್ದರಿಂದ ಹೇಳ್ತೀನಿ. 2016ರಲ್ಲಿ ವಯಸ್ಸಾದ ರೈತರೊಬ್ಬರ ಮೋಟರ್ ಅಂಗಡಿಗೆ ತಂದೆ. ಮೋಟರ್ ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಚೆನ್ನಾಗೇ ಇತ್ತು, ಹೋಗಿದ್ದು ಬೋರ್ಡಿನೊಳಗಿನ ಕಂಡೆನ್ಸರ್ ಮಾತ್ರ. ಆ ತಿಂಗಳು ಮಗಳ ಸ್ಕೂಲ್ ಫೀಸ್ ಕಟ್ಟಬೇಕಿತ್ತು. "ಸುಟ್ಟೋಗಿದೆ ಯಜಮಾನ್ರೇ" ಅಂತ ಆರು ಸಾವಿರ ತಗೊಂಡೆ. ಅವರು ಟೊಮೆಟೊ ಮಾರಿದ ದುಡ್ಡು ಟವೆಲಿನ ಗಂಟಿನಿಂದ ಬಿಚ್ಚಿ ಎಣಿಸಿ ಕೊಟ್ಟರು. ಅದಾದ ಮೇಲೆ ಪ್ರಾರ್ಥನೆಗೆ ಕೂತರೆ ಆ ಟವೆಲ್ಲೇ ಕಣ್ಣಿಗೆ ಬರುತ್ತಿತ್ತು. ಉಪವಾಸ ಪ್ರಾರ್ಥನೆ ಮಾಡಿದೆ, ಉಜ್ಜೀವನ ಕೂಟಗಳಿಗೆ ಹೋದೆ, ಯಾರ್ಯಾರ ಕೈಯಲ್ಲೋ ತಲೆ ಮೇಲೆ ಕೈ ಇಡಿಸಿಕೊಂಡೆ. ಮಾಡಬೇಕಾದ್ದೊಂದು ಬಿಟ್ಟು ಎಲ್ಲ ಮಾಡಿದೆ. ಎಂಟು ತಿಂಗಳಾದ ಮೇಲೆ ಹೋಗಿ ನಿಜ ಹೇಳಿ ದುಡ್ಡು ಕೊಟ್ಟೆ. ಅವರು ಬೈದರು. ಬೈದದ್ದು ಒಳ್ಳೆಯದೇ ಆಯಿತು. ಆಮೇಲೆ ಕಾಫಿ ಕುಡಿಸಿ ಕಳಿಸಿದರು.

ಇನ್ನು ಮಳೆ ಸುರಿಯುತ್ತೆ ಅಂದುಕೊಂಡು ಮನೆಗೆ ಬಂದೆ. ಸುರಿಯಲಿಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಕಾರಣ ಸಿಕ್ಕಿತು, ಸರಿ ಮಾಡಿದೆ, ಆದರೂ ಇನ್ನೊಂದು ವರ್ಷ ಒಣಗಿಯೇ ಇದ್ದೆ. ಆ ಎರಡನೇ ಒಣಗು ಬೇರೆ ಜಾತಿಯದು. ಅದರಲ್ಲಿ ಚುಚ್ಚುವುದು ಏನೂ ಇರಲಿಲ್ಲ, ಬರೀ ಖಾಲಿ.

16ನೇ ಶತಮಾನದ ಸ್ಪೇನಿನಲ್ಲಿ ಶಿಲುಬೆಯ ಯೋಹಾನ ಅಂತ ಒಬ್ಬ ಸನ್ಯಾಸಿ ಇದ್ದರು. ಸ್ವಂತ ಮಠದವರೇ ಅವರನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದರು, ಕತ್ತಲು ಅಂದರೇನು ಅಂತ ಬಲ್ಲವರು. ಈ ಖಾಲಿತನವನ್ನು ಗುರುತಿಸಲು ಅವರು ಮೂರು ಲಕ್ಷಣ ಕೊಡ್ತಾರೆ. ದೇವರ ವಿಷಯದಲ್ಲೂ ರುಚಿಯಿಲ್ಲ, ಲೋಕದ ವಿಷಯದಲ್ಲೂ ರುಚಿಯಿಲ್ಲ. ದೇವರಿಗೆ ಸಲ್ಲಬೇಕಾದ್ದನ್ನು ನಾನು ಸಲ್ಲಿಸುತ್ತಿಲ್ಲವಲ್ಲ ಅನ್ನುವ ಕೊರಗು ಬಿಡಲ್ಲ. ಮೊದಲಿನ ಹಾಗೆ ಕೂತು ಧ್ಯಾನಿಸೋಕೆ ಎಷ್ಟು ಪ್ರಯತ್ನಪಟ್ಟರೂ ಆಗಲ್ಲ. ಮೂರೂ ಒಟ್ಟಿಗಿದ್ದರೆ ಅದು ಉದಾಸೀನದ ಒಣಗಲ್ಲ ಅಂತಾರೆ. ಉದಾಸೀನ ಇರೋನು ಕೊರಗಲ್ಲ ನೋಡಿ. ನಿಮ್ಮ ಪ್ರಶ್ನೆ ತುಂಬ ಆ ಎರಡನೇ ಲಕ್ಷಣವೇ ಕಾಣುತ್ತೆ. ಮೊದಲನೆಯದು ಮನಸ್ಸಿನ ಕಾಯಿಲೆಯಲ್ಲೂ ಹಾಗೇ ಇರುತ್ತೆ, ಅದಕ್ಕೇ ಡಾಕ್ಟರ್ ಮಾತನ್ನು ಮೊದಲೇ ಎತ್ತಿದ್ದು.

ಆಗ ಏನು ಮಾಡಬಾರದು ಅಂತ ಹೇಳಬಲ್ಲೆ, ಯಾಕೆಂದರೆ ನಾನು ಮಾಡಿ ಕೆಟ್ಟಿದ್ದೀನಿ. ನೀರಿಲ್ಲದ ಬೋರಿನಲ್ಲಿ ಮೋಟರ್ ಓಡಿಸುತ್ತಲೇ ಇದ್ದರೆ ನೀರೇನೂ ಬರಲ್ಲ, ವೈಂಡಿಂಗ್ ಸುಡುತ್ತೆ. ಡ್ರೈ ರನ್ ಅಂತೀವಿ. ಬರದ ಕಣ್ಣೀರು ಬರಿಸಿಕೊಳ್ಳೋದು, ಮೊದಲಿನ ಆವೇಶ ತರಿಸೋಕೆ ದನಿ ಏರಿಸೋದು, ರಾತ್ರಿಯಿಡೀ ಪ್ರಾರ್ಥನೆ ಅಂತ ಹಠ ಹಿಡಿಯೋದು, ಎಲ್ಲ ಡ್ರೈ ರನ್ನೇ. ಬೋರ್ ಏರ್ ಹೊಡೆಯೋಕೆ, ಅಂದರೆ ನೀರಿನ ಜೊತೆ ಗಾಳಿ ಉಗುಳೋಕೆ, ಶುರುಮಾಡಿದರೆ ಬುದ್ಧಿವಂತ ರೈತ ಅರ್ಧ ಗಂಟೆ ಓಡಿಸಿ ನಿಲ್ಲಿಸ್ತಾನೆ. ನೀರು ಊರಲಿ ಅಂತ ಬಿಟ್ಟು ಮತ್ತೆ ಹಾಕ್ತಾನೆ. ನೀವೂ ಐದು ನಿಮಿಷ ಕೂತು ಏಳಿ. ಸ್ವಂತ ಮಾತು ಬರದಿದ್ದರೆ ಕೀರ್ತನೆ ಓದಿ. 88ನೆಯದು ನನಗೆ ಆಸರೆಯಾಯಿತು. ಅದು ಶುರುವಿನಿಂದ ಕೊನೆಯವರೆಗೂ ಕತ್ತಲು, ಕೊನೆಗೆ "ಆದರೂ" ಅಂತ ಒಂದು ಸಾಲೂ ಇಲ್ಲ. ಅಂಥದ್ದನ್ನೂ ಸತ್ಯವೇದದಿಂದ ಕಿತ್ತುಹಾಕದೆ ಇಟ್ಟಿದ್ದಾರೆ.

ಜೊತೆಗೆ ಒಬ್ಬರಿಗಾದರೂ ನಿಜ ಹೇಳಿ. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು, ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಆರಾಧನೆ ಮುಗಿದ ಮೇಲೆ ಒಂದು ದಿನ ಹಿಡಿದು ನಿಲ್ಲಿಸಿ "ಯಾಕ್ ಮಗಾ, ಮುಖ ಹಿಂಗೈತೆ?" ಅಂದರು. ಪ್ರಾರ್ಥನೆ ಬರ್ತಿಲ್ಲ ಅಜ್ಜಿ ಅಂದೆ. "ಬರ್ದಿದ್ರೆ ಹೋಗ್ಲಿ. ನಾನ್ ಹೇಳ್ತೀನಿ, ನೀನು ಆಮೆನ್ ಅನ್ನು" ಅಂದರು. ಆ ವರ್ಷ ಪೂರ್ತಿ ನಾನು ಮಾಡಿದ್ದು ಅಷ್ಟೇ.

2018ರಲ್ಲಿ ಕೆ.ಸಿ. ವ್ಯಾಲಿ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ಬಿಟ್ಟ ನೀರು. ಅದು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಕೆರೆ ಅಕ್ಕಪಕ್ಕ ಸತ್ತೇಹೋಯ್ತು ಅಂದುಕೊಂಡ ಕೆಲವು ಬೋರ್‌ಗಳಲ್ಲಿ ಮತ್ತೆ ನೀರು ಕಂಡಿತು. ಆದರೆ ಬೇಜಾರಿನಲ್ಲಿ ಬೋರಿನ ಬಾಯಿಯ ಕೇಸಿಂಗ್ ಪೈಪ್ ಒಳಕ್ಕೆ ಕಲ್ಲು ಮಣ್ಣು ಸುರಿದವರಿಗೆ ಮೋಟರ್ ಇಳಿಸೋಕೆ ಜಾಗವೇ ಇರಲಿಲ್ಲ. ಮುಚ್ಚಳ ಹಾಕಿ ಬಿಟ್ಟಿದ್ದವರು ನನಗೆ ಫೋನ್ ಮಾಡಿದರು. ಆ ಐದು ನಿಮಿಷ, ಆ ಆಮೆನ್, ಮುಚ್ಚಳ ಅಂದುಕೊಳ್ಳಿ.

ನನಗೆ ಯಾವ ದಿನ ತಿರುಗಿತು ಅಂತ ಹೇಳಲಾರೆ. ಒಂದು ಸಂಜೆ ಅಂಗಡಿ ಶಟರ್ ಎಳೆಯುವಾಗ ಗೊತ್ತಾಯಿತು, ಯಾವನೋ ಸಾಲಗಾರ ರೈತನ ವಿಷಯಕ್ಕೆ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ದೇವರ ಜೊತೆ ಜಗಳ ಆಡ್ತಿದ್ದೆ ಅಂತ. ಗೋಡೆ ಜೊತೆ ಯಾರೂ ಅಷ್ಟೊತ್ತು ಜಗಳ ಆಡಲ್ಲ.

ಕ್ವಾಯರ್ ಬಿಡಬೇಕಾ? ನಾನು ಮೆಥಡಿಸ್ಟ್ ಸಭೆಯವನು, ಅದಕ್ಕೆ ಆ ಸಭೆ ಹುಟ್ಟೋಕೆ ಕಾರಣರಾದ ನಮ್ಮ ಜಾನ್ ವೆಸ್ಲಿಯವರದೇ ಉದಾಹರಣೆ. 1738ರ ಮಾರ್ಚಿನಲ್ಲಿ ತನಗೆ ನಂಬಿಕೆಯೇ ಇಲ್ಲ ಅಂತ ಅವರಿಗೆ ಗಟ್ಟಿಯಾಯಿತು, ಬೋಧಿಸೋದು ನಿಲ್ಲಿಸಲೇ ಅಂತ ಪೀಟರ್ ಬೋಲರ್ ಅನ್ನುವ ಗೆಳೆಯನನ್ನು ಕೇಳಿದರು. ಬೇಡ, ನಂಬಿಕೆ ಬರುವ ತನಕ ಅದನ್ನೇ ಸಾರು, ಬಂದ ಮೇಲೆ ಬಂತು ಅಂತ ಸಾರುತ್ತೀ ಅಂದ ಆತ. ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಹೃದಯ ಬೆಚ್ಚಗಾದ ಕಥೆ ಸಂಡೇ ಸ್ಕೂಲಿನಲ್ಲೇ ಕೇಳಿರುತ್ತೇವೆ. ಎಂಟು ತಿಂಗಳೂ ತುಂಬುವ ಮುಂಚೆ, 1739ರ ಜನವರಿ 4ರಂದು, "ನಾನೀಗ ಕ್ರೈಸ್ತನಲ್ಲ" ಅಂತ ದಿನಚರಿಯಲ್ಲಿ ಬರೆದುಕೊಂಡದ್ದನ್ನು ಯಾರೂ ಹೇಳಿಕೊಡಲ್ಲ. ಅದೇ ಏಪ್ರಿಲ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಬಯಲಲ್ಲಿ ನಿಂತು ಬೋಧಿಸೋಕೆ ಶುರುಮಾಡಿದರು.

ಹಾಗಾಗಿ ಹಾಡೋದು ಬಿಡಬೇಡಿ. ಆದರೆ ಎರಡು ಹಾಡಿನ ಮಧ್ಯೆ "ದೇವರ ಪ್ರಸನ್ನತೆ ಎಷ್ಟು ಅದ್ಭುತವಾಗಿದೆ" ಅಂತ ನಿಮಗಾಗದ್ದನ್ನು ಆಯಿತು ಅಂತ ಹೇಳೋದನ್ನು ಈ ಭಾನುವಾರದಿಂದಲೇ ನಿಲ್ಲಿಸಿ. ಹಾಡಿನ ಮಾತು ಸಭೆಯದು, ಅದು ಸುಳ್ಳಾಗಲ್ಲ. ಸಾಕ್ಷಿ ನಿಮ್ಮದು. ಕ್ವಾಯರ್ ಮಾಸ್ಟರ್‌ಗೆ ವಿಷಯ ತಿಳಿಸಿ, ಕೆಲವು ತಿಂಗಳು ಎರಡನೇ ಸಾಲಿನಲ್ಲಿ ನಿಲ್ತೀನಿ ಅನ್ನಿ. 88ನೇ ಕೀರ್ತನೆಯನ್ನು ಒಂದು ಆರಾಧನೆಯಲ್ಲಿ ಓದಿಸಿ ಅಂತ ನಿಮ್ಮ ಅಯ್ಯನವರನ್ನು ಕೇಳಿ ನೋಡಿ. ಅವರು ಒಪ್ಪದಿದ್ದರೆ ಶನಿವಾರದ ಅಭ್ಯಾಸದ ಮುಂಚೆ ಕ್ವಾಯರ್‌ನವರಿಗೆ ನೀವೇ ಓದಿ.